ರೆಡಿಂಗ್‌ನ ನಮ್ಮ ಬೀದಿ, ನಮ್ಮ ಮನೆಯ ದರ್ಜೆ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾವು ಕೊಂಡ ಮನೆ ವಿಕ್ಟೋರಿಯಾ ರಾಣಿಯ ಕಾಲದ್ದು; ಎರಡೂ ಬದಿಯ ಮನೆಗಳೊಂದಿಗೆ ಗೋಡೆ ಹಂಚಿಕೊಂಡು ನಿಂತಿರುವ ಇಟ್ಟಿಗೆಯ ಸಾಲುಮನೆ. ಕೊಳ್ಳುವಾಗ ಬಂದ ಕಾಗದಪತ್ರಗಳಲ್ಲಿ ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್, ಅಂದರೆ ಇಲ್ಲಿ ಎಲ್ಲರೂ ಇಪಿಸಿ ಎಂದು ಕರೆಯುವ ಪತ್ರವೂ ಇತ್ತು. ಮನೆಗೆ ತಗಲುವ ಇಂಧನದ ಲೆಕ್ಕದಲ್ಲಿ ಅದಕ್ಕೆ ಅಂಕ ಮತ್ತು ದರ್ಜೆ ಕೊಡುವ ಪತ್ರ ಅದು; ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು. 52 ಅಂಕ, ಇ ದರ್ಜೆ. ಎ ಯಿಂದ ಜಿ ವರೆಗೆ ಏಳು ದರ್ಜೆಗಳಿರುವ ಈ ಪದ್ಧತಿಯಲ್ಲಿ 39ರಿಂದ 54ರವರೆಗೆ ಇ, 55ರಿಂದ 68ರವರೆಗೆ ಡಿ, 69ರಿಂದ 80ರವರೆಗೆ ಸಿ. ಪತ್ರದ ಅವಧಿ ಹತ್ತು ವರ್ಷ; ನಮ್ಮದು 2024ರಲ್ಲಿ ಮುಗಿಯುವುದಿತ್ತು. ಒಂದೆರಡು ವರ್ಷ ಊರಿನಲ್ಲಿದ್ದು ಬರುವ ಯೋಚನೆಯೂ ನಮಗಿತ್ತು. ಮನೆಯನ್ನು ಬಾಡಿಗೆಗೆ ಕೊಡಬೇಕಾದರೆ ಚಾಲ್ತಿಯಲ್ಲಿರುವ ಪತ್ರ ಬೇಕು, ದರ್ಜೆಯೂ ಸಾಮಾನ್ಯವಾಗಿ ಇ ಗಿಂತ ಕೆಳಗಿರುವಂತಿಲ್ಲ. ಆಗಷ್ಟೇ ನಾನು ಆ ಪತ್ರವನ್ನು ಮನಸ್ಸಿಟ್ಟು ಓದಿದ್ದು.

ಈ ಪತ್ರಗಳು ಸರ್ಕಾರದ ಸಾರ್ವಜನಿಕ ದಾಖಲೆಯಲ್ಲಿರುತ್ತವೆ. ಪೋಸ್ಟ್‌ಕೋಡ್ ಕೊಟ್ಟರೆ ಬೀದಿಯ ಎಲ್ಲ ಪತ್ರಗಳನ್ನೂ ಯಾರು ಬೇಕಾದರೂ ನೋಡಬಹುದು. ಒಂದು ಸಂಜೆ ಕುಳಿತು ಒಂದೊಂದನ್ನೇ ತೆರೆದೆ. ಒಂದೇ ಕಾಲದಲ್ಲಿ, ಒಂದೇ ಬಗೆಯ ಇಟ್ಟಿಗೆಯಲ್ಲಿ ಕಟ್ಟಿದ ಮನೆಗಳಲ್ಲಿ ಒಂದಕ್ಕೆ 47, ಇನ್ನೊಂದಕ್ಕೆ 70. ಗೋಡೆ, ಚಾವಣಿ, ನೆಲ, ಕಿಟಕಿ, ಬಿಸಿಮಾಡುವ ವ್ಯವಸ್ಥೆ ಎಂದು ಸಾಲುಸಾಲಾಗಿ ಹೋಲಿಸಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಂಕ ಕಡಿಮೆ ಬಂದ ಮನೆಗಳ ಚಾವಣಿಯ ಸಾಲಿನಲ್ಲಿ ‘ಇನ್ಸುಲೇಷನ್ ಇಲ್ಲ’, ಅಂದರೆ ಒಳಗಿನ ಶಾಖ ಹೊರಹೋಗದಂತೆ ತಡೆಯುವ ಹೊದಿಕೆ ಇಲ್ಲ, ಎಂಬುದರ ಮುಂದೆ ‘ಊಹೆ’ ಎಂದು ಬರೆದಿತ್ತು. ನಮ್ಮದರಲ್ಲೂ ಹಾಗೆಯೇ.

ಈ ಪತ್ರಕ್ಕಾಗಿ ಮನೆ ಅಳೆಯಲು ಬರುವವರು ಗೋಡೆ ಕೊರೆಯುವುದಿಲ್ಲ, ನೆಲ ಕೀಳುವುದಿಲ್ಲ. ಕಣ್ಣಿಗೆ ಕಾಣದ, ದಾಖಲೆಯೂ ಇಲ್ಲದ ಭಾಗಕ್ಕೆ ಮನೆ ಕಟ್ಟಿದ ಕಾಲವನ್ನು ನೋಡಿ ಅಂದಾಜು ಹಾಕುತ್ತಾರೆ. ನಮ್ಮ ಅಟ್ಟಕ್ಕೆ ಹಿಂದಿನ ಮಾಲೀಕರು ಹಲಗೆ ಹೊಡೆಸಿದ್ದರು. ಅದರ ಮೇಲೆ ಈಗ ನಮ್ಮ ಊರಿನ ಸೂಟ್‌ಕೇಸುಗಳು. ಒಂದು ಹಲಗೆಯನ್ನು ಎಬ್ಬಿಸಿ ನೋಡಿದರೆ ಹಳೆಯ ಹತ್ತಿ ಹಾಸಿಗೆಯಂತೆ ಚಪ್ಪಟೆಯಾಗಿ ಬೂದುಬಣ್ಣಕ್ಕೆ ತಿರುಗಿದ್ದ, ಐವತ್ತು ಮಿಲಿಮೀಟರೂ ಇಲ್ಲದ ಗ್ಲಾಸ್‌ವೂಲ್, ಅಂದರೆ ಗಾಜಿನ ನಾರಿನ ಹೊದಿಕೆ, ಸಿಕ್ಕಿತು. ಊಹೆ ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಇಲ್ಲಿ ಅಟ್ಟಕ್ಕೆ ಶಿಫಾರಸು ಮಾಡುವ ದಪ್ಪ 270 ಮಿಲಿಮೀಟರ್. ಜಂತಿಗಳ ನಡುವೆ 100, ಅವುಗಳ ಮೇಲೆ ಅಡ್ಡಲಾಗಿ 170 ಹಾಸಿದೆ. ಕೈಗವಸು ಮತ್ತು ಮುಖಗವಸು ಹಾಕಿಕೊಂಡು, ಬಗ್ಗಿದ ಬೆನ್ನಿನಲ್ಲಿ ಎರಡು ಶನಿವಾರಗಳ ಕೆಲಸ. ಆದರೆ ಉತ್ಸಾಹದಲ್ಲಿ ಸೂರಿನ ಅಂಚಿನವರೆಗೂ ತುರುಕಿಬಿಟ್ಟೆ. ಜನವರಿಯಲ್ಲಿ ಟಾರ್ಚ್ ಹಿಡಿದು ಮೇಲೆ ಹತ್ತಿದಾಗ ಚಾವಣಿಯ ಮರದ ಮೇಲೆಲ್ಲ ನೀರಹನಿ. ಕೆಳಗಿನ ಬೆಚ್ಚನೆಯ ತೇವಗಾಳಿ ತಣ್ಣನೆಯ ಮರಕ್ಕೆ ತಗುಲಿ ನೀರಾಗುತ್ತದೆ; ಅಂಚಿನಿಂದ ಗಾಳಿಯಾಡದಿದ್ದರೆ ಆ ತೇವ ಹೊರಗೆ ಹೋಗಲು ದಾರಿಯಿಲ್ಲ. ಅಡುಗೆಮನೆಯಲ್ಲಿ ದಿನವೂ ಅನ್ನ, ಸಾರು ಕುದಿಯುವ ನಮ್ಮಂಥವರ ಮನೆಯಲ್ಲಿ ಇದನ್ನು ಮೊದಲೇ ಯೋಚಿಸಬೇಕಿತ್ತು. ಅಂಚನ್ನು ಹಿಂದಕ್ಕೆ ಎಳೆದು ಸಂದು ಬಿಟ್ಟ ಮೇಲೆ ಮರ ಒಣಗಿತು. ಸೂಟ್‌ಕೇಸಿನ ಭಾರಕ್ಕೆ ಮತ್ತೆ ಚಪ್ಪಟೆಯಾಗದಿರಲೆಂದು ಹಲಗೆಗಳನ್ನು ಕಾಲುಕೊಟ್ಟು ಎತ್ತರಿಸಿದೆ.

ಮುಂಗೋಣೆಯ ನೆಲ ಮರದ್ದು. ಅದರ ಕೆಳಗೆ ಟೊಳ್ಳು ಜಾಗ, ಅಲ್ಲಿಗೆ ಗಾಳಿ ಬರಲು ಹೊರಗೋಡೆಯಲ್ಲಿ ತೂತಿನ ಇಟ್ಟಿಗೆಗಳು. ಆ ತೂತುಗಳನ್ನು ಮುಚ್ಚಿದರೆ ಜಂತಿ ಕೊಳೆಯುತ್ತದೆ. ಆದ್ದರಿಂದ ಜಂತಿಗಳ ನಡುವೆ ಬಲೆ ಕಟ್ಟಿಸಿ, ಅದರಲ್ಲಿ ಇನ್ಸುಲೇಷನ್ ಕೂರಿಸಲು ಕೆಲಸದವರನ್ನೇ ಕರೆಸಿದೆ. ಬಿಲ್ಲಿನಲ್ಲಿ ನಮ್ಮ ಮನೆಯ ವಿಳಾಸ, ಸಾಮಗ್ರಿಯ ಹೆಸರು ಮತ್ತು ದಪ್ಪ ಸ್ಪಷ್ಟವಾಗಿ ಬರೆಯಬೇಕೆಂದು ಪಟ್ಟು ಹಿಡಿದೆ. ಬಳಸದ ಅಗ್ಗಿಷ್ಟಿಕೆಯ ಬಾಯಿಯನ್ನು ಚಿಕ್ಕದೊಂದು ಗಾಳಿಕಿಂಡಿ ಬಿಟ್ಟು ಮುಚ್ಚಿಸಿದ್ದು, ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳಿಗೆ ಉಷ್ಣತೆ ಹೊಂದಿಸುವ ತಿರುಪು ಹಾಕಿಸಿದ್ದು, ಬಲ್ಬುಗಳನ್ನೆಲ್ಲ ಎಲ್‌ಇಡಿಗೆ ಬದಲಿಸಿದ್ದು ಸಣ್ಣ ಕೆಲಸಗಳು.

2024ರ ಶರತ್ಕಾಲದಲ್ಲಿ ಅಳೆಯಲು ಬಂದವರು ಮೊದಲು ಹೊರಗೆ ನಿಂತು ಇಟ್ಟಿಗೆಯ ಜೋಡಣೆಯನ್ನು ನೋಡಿದರು. ಒಂದು ಉದ್ದ, ಒಂದು ಗಿಡ್ಡ ಎಂದು ಸಾಲಿನುದ್ದಕ್ಕೂ ಬಂದರೆ ಅದು ಗಟ್ಟಿಗೋಡೆ. ಬರೀ ಉದ್ದ ಮುಖಗಳೇ ಕಂಡರೆ ನಡುವೆ ಟೊಳ್ಳು ಬಿಟ್ಟ ಗೋಡೆಯಿರುವ ಸಂಭವ ಹೆಚ್ಚು. ಬಾಗಿಲ ಚೌಕಟ್ಟಿನ ಬಳಿ ಗೋಡೆಯ ದಪ್ಪ ಅಳೆದು, ಅಟ್ಟಕ್ಕೆ ಹತ್ತಿ, ಟೇಪನ್ನು ಗ್ಲಾಸ್‌ವೂಲ್‌ನೊಳಗೆ ಇಳಿಸಿ ಫೋಟೋ ತೆಗೆದುಕೊಂಡರು. ನೆಲದ ಬಿಲ್ಲನ್ನು ಓದಿ ಅದರದ್ದೂ ಫೋಟೋ ತೆಗೆದರು. ನನ್ನ ಹೆಂಡತಿ ಹೊಲಿದ ದಪ್ಪ ಪರದೆಗಳನ್ನು ಮಾತ್ರ ಅವರು ನೋಡಲೇ ಇಲ್ಲ. ನಾವು ಮನೆಯನ್ನು 18 ಡಿಗ್ರಿಯಲ್ಲಿಟ್ಟು ಗ್ಯಾಸ್ ಉಳಿಸುವುದಕ್ಕೂ ಅಲ್ಲಿ ಲೆಕ್ಕವಿಲ್ಲ. ಈ ಅಂಕ ಕಟ್ಟಡದ್ದು, ವಾಸಿಸುವವರದ್ದಲ್ಲ. ಅದೂ ಸರಾಸರಿ ಬಳಕೆಗೆ ತಗಲುವ ಇಂಧನದ ಖರ್ಚಿನ ಮೇಲೆ ನಿಂತಿದ್ದು. ಗ್ಯಾಸಿಗಿಂತ ವಿದ್ಯುತ್ತಿನ ಯೂನಿಟ್ ಬಹಳ ದುಬಾರಿಯಾದ್ದರಿಂದ, ನಮ್ಮದೇ ಸಾಲಿನಲ್ಲಿ ಬರೀ ವಿದ್ಯುತ್ ಹೀಟರುಗಳಿರುವ ಮನೆಗೆ 47 ಬಂದದ್ದು ಏಕೆಂದು ಆಗ ಅರ್ಥವಾಯಿತು.

ನಮಗೆ ಬಂದದ್ದು 67. ಡಿ ದರ್ಜೆ, ಸಿ ಗೆ ಎರಡು ಅಂಕ ಕಡಿಮೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರಾಸರಿ 60 ಎಂದು ಪತ್ರದಲ್ಲೇ ಅಚ್ಚಾಗಿದೆ. ಉಳಿದ ಅಂಕಗಳಿಗಾಗಿ ಗಟ್ಟಿಗೋಡೆಗೆ ಒಳಗಿನಿಂದ ಹೊದಿಕೆ ಹಾಕಿಸಬಹುದು. ಮೊದಲೇ ಇಕ್ಕಟ್ಟಾದ ಕೋಣೆ ಇನ್ನಷ್ಟು ಕಿರಿದಾಗುತ್ತದೆ, ಖರ್ಚೂ ಸಾವಿರಾರು ಪೌಂಡ್. ಅದನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ನೆಲದ ಬಿಲ್ಲಿನ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಅಟ್ಟದ ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ. ಪಕ್ಕದ ಹಲಗೆಯೊಂದಕ್ಕೆ ಮೊಳೆ ಹೊಡೆದಿಲ್ಲ, ಮುಂದೆ ಅಳೆಯಲು ಬರುವವರು ಅದನ್ನು ಎತ್ತಿ ಟೇಪು ಇಳಿಸಬಹುದು.