‘ಮರ್ಯಾದೆ’ ಅಂತ ಬರೆದು ನಿಲ್ಲಿಸಬೇಡಿ

ಗುರುವಾರ ಸಂಜೆ ಲೀಡ್ಸ್‌ನ ಒಂದು ಚರ್ಚ್ ಹಾಲಿನಲ್ಲಿ ಟೀ ಕಾಸುತ್ತೇನೆ. ಇಂಗ್ಲೆಂಡಿನಲ್ಲಿ ಆಶ್ರಯ ಕೇಳಿದ ಗೇ, ಲೆಸ್ಬಿಯನ್, ಟ್ರಾನ್ಸ್ ಗೆಳೆಯರು ಅರ್ಜಿಗಾಗಿ ಹೇಳಿದ್ದನ್ನು ಟೈಪ್ ಮಾಡಿಕೊಡುತ್ತೇನೆ. ನಾನು ವಕೀಲೆಯಲ್ಲ. ನೋಂದಣಿ ಇಲ್ಲದವರು ವಲಸೆ ಕಾನೂನಿನ ಸಲಹೆ ಕೊಟ್ಟರೆ ಇಲ್ಲಿ ಅಪರಾಧ, ಹಾಗಾಗಿ ನೀವೂ ಇವರಿಗೆ ನೆರವಾಗಲು ಹೊರಟಿದ್ದರೆ ಮೊದಲು ಲೀಗಲ್ ಏಡ್ (ಸರ್ಕಾರವೇ ಫೀಸು ಕೊಡುವ) ವಕೀಲರನ್ನು ಹುಡುಕಿಕೊಡಿ. ಆಮೇಲೆ ನನ್ನ ಹಾಗೆ ಪಕ್ಕದಲ್ಲಿ ಕೂತುಕೊಳ್ಳಿ.

ಉಗಾಂಡಾದ ಕಂಪಾಲಾದಿಂದ ಬಂದ ಹುಡುಗನೊಬ್ಬ ಬರೆದು ತಂದಿದ್ದ: ‘ವಾಪಸ್ ಹೋದರೆ ಯಾರಿಗೂ ಗೊತ್ತಾಗದ ಹಾಗೆ ಇರುತ್ತೇನೆ. ಅಮ್ಮನ ಮರ್ಯಾದೆ ಪ್ರಶ್ನೆ.’ ಹಾಸನದಲ್ಲಿ ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ನಾಲ್ಕು ಜನ ಏನಂದಾರು ಅನ್ನುವ ಮಾತಿನೊಳಗೆ ಏಟು, ಬೀಗ ಜಡಿದ ಕೋಣೆ, ಪೊಲೀಸು ಎಲ್ಲ ಸೇರಿರುತ್ತದೆ. ಓದುವ ಅಧಿಕಾರಿಗೆ ಮಾತ್ರ ಬರೀ ಅಮ್ಮ ಕಾಣುತ್ತಾಳೆ.

ಅಲ್ಲೇ ಅರ್ಜಿ ಬೀಳುವುದು. 2010ರ ಜುಲೈನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್, ಇರಾನ್ ಮತ್ತು ಕ್ಯಾಮರೂನಿನ ಇಬ್ಬರು ಗಂಡಸರ ಮೊಕದ್ದಮೆಯಲ್ಲಿ, ‘ಊರಿಗೆ ಹೋಗಿ ಮುಚ್ಚಿಟ್ಟುಕೊಂಡು ಬದುಕು’ ಎನ್ನುವ ವಾದವನ್ನು ತಳ್ಳಿಹಾಕಿತು. ಆದರೆ ಯಾಕೆ ಮುಚ್ಚಿಡುತ್ತೀಯ ಎಂಬ ಪ್ರಶ್ನೆಯನ್ನು ಉಳಿಸಿತು. ಮನೆಯವರಿಗೆ ಬೇಸರವಾಗುತ್ತದೆ ಎಂಬುದಷ್ಟೇ ಕಾರಣವಾದರೆ ಆಶ್ರಯವಿಲ್ಲ. ಹಿಂಸೆಯ ಭಯವೂ ಒಂದು ಮುಖ್ಯ ಕಾರಣವಾದರೆ ಉಂಟು. (ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಲಾರ್ಡ್ ರಾಜರ್, ಗೇ ಗಂಡಸರು ಪಾಪ್ ಗಾಯಕಿ ಕೈಲಿ ಮಿನೋಗ್ ಅವರ ಸಂಗೀತ ಕಛೇರಿಗೆ ಹೋಗಲು, ಬಣ್ಣಬಣ್ಣದ ಕಾಕ್‌ಟೇಲ್ ಕುಡಿಯಲು ಸ್ವತಂತ್ರರಾಗಿರಬೇಕು ಎಂದಿದ್ದಾರೆ. ನಮ್ಮ ಹುಡುಗ ಕುಡಿಯುವುದು ಶುಂಠಿ ಟೀ.)

ಹಾಗಾಗಿ ‘ಮರ್ಯಾದೆ’ ಎಂಬ ಪದ ಬಂದ ಕಡೆಯಲ್ಲೆಲ್ಲ ನಿಲ್ಲಿಸಿ ಕೇಳಿ: ಗೊತ್ತಾದರೆ ಯಾರು ಬರುತ್ತಾರೆ? ಬಂದು ಏನು ಮಾಡುತ್ತಾರೆ? ಹುಡುಗ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಅವನ ಮಾತಿನಲ್ಲಿ ಚಿಕ್ಕಪ್ಪ ಬಂದರು, ಬೀದಿಯ ಎಲ್‌ಸಿ (ಸ್ಥಳೀಯ ಮಂಡಳಿ) ಚೇರ್ಮನ್ ಬಂದರು, ಪಕ್ಕದ ಮನೆಯವನಿಗೆ ಬಿದ್ದ ಏಟು ಬಂತು. ಉಗಾಂಡಾದ 2023ರ ಕಾನೂನಿನಲ್ಲಿ ಜೀವಾವಧಿ ಶಿಕ್ಷೆಯಿದೆ, ನಿಜ. ಆದರೂ ಆ ಚಿಕ್ಕಪ್ಪ ಕಾಗದದ ಮೇಲೆ ಬರಲೇಬೇಕು.

ಹಾಸಿಗೆಯ ವಿಷಯ ಬೇಡ, ಅಂಥ ಫೋಟೊ ವಿಡಿಯೊವಂತೂ ಬೇಡವೇ ಬೇಡ. ತಾನು ಬೇರೆ ಎಂದು ಮೊದಲು ಅನ್ನಿಸಿದ್ದು ಯಾವಾಗ, ಅದನ್ನು ಎಲ್ಲಿ ಬಚ್ಚಿಟ್ಟ, ನಾಚಿಕೆ ಹೇಗಿತ್ತು ಎಂಬುದು ಬೇಕು. ತಾರೀಖು ನೆನಪಿಲ್ಲದಿದ್ದರೆ ಹುಟ್ಟಿಸಬೇಡಿ; ‘ಸೀನಿಯರ್ ಫೋರ್ (ಹೈಸ್ಕೂಲಿನ ನಾಲ್ಕನೇ ವರ್ಷದ) ಪರೀಕ್ಷೆಗೆ ಮುಂಚೆ’ ಎಂದರೆ ಸಾಕು. 2022ರ ಜೂನ್ 28ರಂದು ಅಥವಾ ಆಮೇಲೆ ಹಾಕಿದ ಅರ್ಜಿಗಳಲ್ಲಿ, ತಾನು ಗೇ ಎಂಬುದನ್ನೂ ಭಯ ಇರುವುದನ್ನೂ ‘ಅಲ್ಲ ಎನ್ನುವುದಕ್ಕಿಂತ ಹೌದು ಎನ್ನುವುದೇ ಹೆಚ್ಚು ಸಂಭವ’ ಎಂಬ ಮಟ್ಟಕ್ಕೆ ತೋರಿಸಬೇಕು. ಹುಟ್ಟಿಸಿದ ಒಂದು ತಾರೀಖು ಎರಡನೆಯ ಸಲ ಕೇಳಿದಾಗ ಬದಲಾದರೆ ಉಳಿದದ್ದೂ ಅನುಮಾನವಾಗುತ್ತದೆ.

ಅರ್ಜಿಯ ಸಂದರ್ಶನಕ್ಕೆ ಸಂದರ್ಶಕರು, ದುಭಾಷಿ ಹೆಂಗಸಾಗಿರಲಿ ಅಥವಾ ಗಂಡಸಾಗಿರಲಿ ಎಂದು ಮೊದಲೇ ಕೇಳಬಹುದು. ನಮ್ಮಲ್ಲಿಗೆ ಬರುವ ಒಬ್ಬಳ ‘ಗೆಳತಿ’ಯನ್ನು, ಅಂದರೆ ಪ್ರೇಯಸಿಯನ್ನು, ದುಭಾಷಿ ‘ಫ್ರೆಂಡ್’ ಮಾಡಿಬಿಟ್ಟಿದ್ದ. ಅದಕ್ಕೇ ಸಂದರ್ಶನದ ರೆಕಾರ್ಡಿಂಗ್ ಕೇಳಿ ಪಡೆಯಿರಿ, ತಪ್ಪಿದ್ದರೆ ಐದು ಕೆಲಸದ ದಿನಗಳೊಳಗೆ ವಕೀಲರ ಮೂಲಕ ತಿದ್ದಿಸಿ. ಅರ್ಜಿ ತಿರಸ್ಕರಿಸಿದ ಪತ್ರ ಬಂದರೆ ಮೇಲ್ಮನವಿಗೆ ಸಾಮಾನ್ಯವಾಗಿ 14 ದಿನ, ಅದೂ ಪತ್ರ ಕಳಿಸಿದ ದಿನದಿಂದ. ಗುರುವಾರದವರೆಗೆ ನನಗೆ ಕಾಯಬೇಡಿ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ.