ಕನ್ನಡ ಶಾಲೆಯ ಬೀಗದ ಕೈ ನನ್ನ ಹತ್ತಿರ ಇದ್ದಾಗ

ದುಡಿದು ಊರಿಗೆ ಬಂದವರನ್ನು ಮನೆಗೆ ಬಿಡದೆ ಶಾಲೆಯಲ್ಲಿ ಕೂಡಿಹಾಕುವ ಅಧಿಕಾರ ಒಬ್ಬ ತಲಾಟಿಗೆ, ಅಂದರೆ ಗ್ರಾಮ ಲೆಕ್ಕಿಗನಿಗೆ, ಎಲ್ಲಿಂದ ಬಂತು? ಕೋವಿಡ್ ಹಬ್ಬಿದ್ದ 2020ರ ಮೇ ತಿಂಗಳಲ್ಲಿ, ವಿಜಯಪುರ ಜಿಲ್ಲೆ ಚಡಚಣ ತಾಲೂಕಿನ ನಮ್ಮ ಊರಲ್ಲಿ ಇದನ್ನು ಕೇಳದವರಿಲ್ಲ. ಆ ತಲಾಟಿ ನಾನೇ, ಕೇಳಿದ್ದು ತಪ್ಪೂ ಅಲ್ಲ. ಉತ್ತರ ಬಾಯಲ್ಲೇ ಇರಲಿ ಅಂತ ಒಂದು ರಾತ್ರಿ ಆದೇಶಗಳ ಫೈಲ್ ಬಿಚ್ಚಿಕೊಂಡು ಕೂತೆ.

ಬುಡದಲ್ಲಿದ್ದದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬೈಗೆ ಪ್ಲೇಗ್ ಬಡಿದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ್ದು. ಆಗ ವಿಜಯಪುರ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಬಹಳ ಚಿಕ್ಕ ಕಾಯ್ದೆ, ಆದರೆ ಎರಡನೇ ಸೆಕ್ಷನ್ ಮಾತ್ರ ಬಲು ಅಗಲ. ಇರುವ ಕಾನೂನು ಸಾಲದು ಅನ್ನಿಸಿದರೆ ಸರ್ಕಾರ ತನಗೆ ಬೇಕೆನಿಸಿದ ತಾತ್ಕಾಲಿಕ ಕ್ರಮ ತೆಗೆದುಕೊಳ್ಳಬಹುದಿತ್ತು. ಇದರ ಕೆಳಗೇ ಕರ್ನಾಟಕ ಸರ್ಕಾರ 2020ರ ಮಾರ್ಚ್‌ನಲ್ಲಿ ಕೋವಿಡ್ ನಿಯಮ ಮಾಡಿತು. ಏಪ್ರಿಲ್‌ನಲ್ಲಿ ರಾಜ್ಯದ್ದೇ ಸುಗ್ರೀವಾಜ್ಞೆ ಬಂತು, ಮುಂದೆ ಅದೇ ಕಾಯ್ದೆಯಾಯಿತು. ಇದರ ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಇದರಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಸಾಹೇಬರೇ ಅಧ್ಯಕ್ಷರು. ರಸ್ತೆ ಬಂದ್ ಮಾಡುವುದು, ಜನ ಒಳಗೆ ಬರದಂತೆ, ಹೊರಗೆ ಹೋಗದಂತೆ ತಡೆಯುವುದು ಎಲ್ಲ 34ನೇ ಸೆಕ್ಷನ್‌ನಲ್ಲಿದೆ. ಡಿಸಿಯಿಂದ ತಹಸೀಲ್ದಾರರಿಗೆ, ತಹಸೀಲ್ದಾರರಿಂದ ನಮಗೆ. ಇಷ್ಟೆಲ್ಲ ಇಳಿದು ಬಂದು ನನ್ನ ಕೈಗೆ ಸಿಕ್ಕಿದ್ದು ಕನ್ನಡ ಶಾಲೆಯ ಬೀಗದ ಕೈ, ಒಂದು ರಬ್ಬರ್ ಸ್ಟ್ಯಾಂಪು, ಒಂದು ಉದ್ದನೆಯ ರಿಜಿಸ್ಟರ್.

ನಮ್ಮ ಭಾಗದ ತಾಂಡಾಗಳಿಂದ ಗುಳೆ ಹೋಗುವವರು ಜಾಸ್ತಿ. ಮುಂಬೈ, ಪುಣೆ, ರತ್ನಾಗಿರಿ, ಗೋವಾ. ಲಾಕ್‌ಡೌನ್ ಸ್ವಲ್ಪ ಸಡಿಲವಾದದ್ದೇ ತಡ, ಲಾರಿ, ಟೆಂಪೋ ಹಿಡಿದು ಸೋಲಾಪುರ ದಾಟಿ ಬಂದರು. ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಪಾಸ್ ತಗೊಂಡಿದ್ದವರು ಧೂಳಖೇಡ ಚೆಕ್‌ಪೋಸ್ಟ್‌ನಲ್ಲಿ ಹೆಸರು ಬರೆಸಿ ಬಂದರು. ಪಾಸ್ ಇಲ್ಲದವರು ಭೀಮಾ ನದಿಯ ಬಾಂದಾರದ (ಸಣ್ಣ ಒಡ್ಡಿನ) ಮೇಲೆ ಕತ್ತಲಲ್ಲಿ ನಡೆದು ಬಂದರು. ಬೇಸಿಗೆಯಲ್ಲಿ ಭೀಮೆ ಯಾರನ್ನೂ ತಡೆಯುವುದಿಲ್ಲ. ಹಾಗೆ ಬಂದವರ ಸುದ್ದಿ ನಮಗೆ ಕೊಡುತ್ತಿದ್ದದ್ದು ಪೊಲೀಸರಲ್ಲ, ಓಣಿಯವರು. ಕೆಲವರು ಭಯಕ್ಕೆ ಹೇಳುತ್ತಿದ್ದರು, ಕೆಲವರು ಹಳೇ ಜಗಳಕ್ಕೆ. ಹಾಗಾಗಿ ಯಾವ ಫೋನ್ ಬಂದರೂ ಮೊದಲು ಊರಿನ ಸೇವಕ ವಾಲೀಕಾರನನ್ನು ಕಳಿಸಿ ವಿಚಾರಿಸಿ ಬಾ ಅನ್ನುತ್ತಿದ್ದೆ.

ಶಾಲೆಗೆ ಬಂದವರು ಮೊದಲ ದಿನವೇ ತಿರುಗಿಬಿದ್ದರು. "ನಾವೇನ ಕಳವು ಮಾಡಿ ಬಂದೀವೇನ್ರಿ?" ಅಂತ ಒಬ್ಬರು. ಆ ಗದ್ದಲದಲ್ಲಿ ತಾಂಡಾದ ಒಬ್ಬ ಹಿರಿಯ ಹೆಂಗಸು ಮೂಲೆಯಲ್ಲಿ ಕೂತಲ್ಲೇ ಹೇಳಿದಳು: "ಎಪ್ಪಾ, ಹಿಡದಿದ್ದು ಹಿಡದಿ. ಎಂದ ಬಿಡ್ತಿ ಅದರೆ ಹೇಳು." ನನ್ನ ಫೈಲಿನಲ್ಲಿ ಅದಕ್ಕೆ ನೆಟ್ಟಗೆ ಉತ್ತರ ಇರಲಿಲ್ಲ. ಮಹಾರಾಷ್ಟ್ರದಿಂದ ಬಂದವರಿಗೆ ಮೊದಲು 14 ದಿನ ಅಂದರು. ಆಮೇಲೆ 7 ದಿನ ಶಾಲೆ, 7 ದಿನ ಮನೆ ಅಂತ ಬದಲಾಯಿತು. ನಡುವೆ ಗಂಟಲ ದ್ರವದ ವರದಿಗೆ ಕಾಯಬೇಕು. ಒಂದೇ ಶಾಲೆಯಲ್ಲಿ, ಅಕ್ಕಪಕ್ಕದ ಖೋಲಿಗಳಲ್ಲಿ ಬೇರೆ ಬೇರೆ ಲೆಕ್ಕ. ಆಮೇಲೆ ಬಂದವರು ಮೊದಲು ಹೊರಟರೆ ಯಾರು ಸುಮ್ಮನಿರುತ್ತಾರೆ?

ಅವತ್ತಿನಿಂದ ಪ್ರತಿ ಖೋಲಿಯ ಕರಿಹಲಗೆ ಮೇಲೆ ಚಾಕ್‌ಪೀಸ್‌ನಲ್ಲಿ ಬರೆಯುವುದು ಶುರು ಮಾಡಿದೆ. ಹೆಸರು, ಬಂದ ದಿನ, ಯಾವ ತಾರೀಕಿನ ಆದೇಶ, ಬಿಡುವ ದಿನ. ವರದಿ ಬಾಕಿ ಇದ್ದರೆ ಪಕ್ಕದಲ್ಲಿ ಸಣ್ಣ ಸೊನ್ನೆ. ವರದಿ ಬಂದ ಕೂಡಲೇ ಸೊನ್ನೆ ಅಳಿಸುವುದು. ಆದೇಶ ಬದಲಾದರೆ ಎಲ್ಲರ ಎದುರಿಗೆ ಓದಿ ಹೇಳಿ, ಅವರ ಮುಂದೆಯೇ ತಾರೀಕು ತಿದ್ದುವುದು. ಓದು ಬಾರದವರು ಮಕ್ಕಳ ಕೈಲಿ ಓದಿಸಿಕೊಂಡರು. ಬೈಗುಳ ಪೂರ್ತಿ ನಿಲ್ಲಲಿಲ್ಲ, ಆದರೆ ಗೇಟು ಅಲ್ಲಾಡಿಸುವುದು ನಿಂತಿತು. ಕಾಯ್ದೆಯ ಎಲ್ಲ ಸೆಕ್ಷನ್ ಸೇರಿ ಮಾಡದ ಕೆಲಸವನ್ನು ಆ ಹಲಗೆ ಮಾಡಿತು ಅಂತ ನಾನು ಈಗಲೂ ವಾದ ಮಾಡುತ್ತೇನೆ.

ಊಟದ್ದು ದೊಡ್ಡ ಕಥೆ. ಕೂಡಿಹಾಕುವ ಆದೇಶ ವಾಟ್ಸಾಪ್‌ನಲ್ಲಿ ಒಂದೇ ಗಂಟೆಗೆ ಬರುತ್ತಿತ್ತು, ಊಟದ ದುಡ್ಡು ಬರುವಷ್ಟರಲ್ಲಿ ಕಿರಾಣಿ ಅಂಗಡಿಯವರು ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಪಿಡಿಒ ಮತ್ತು ನಾನು ಕೈಯಿಂದ ಹಾಕಿ ಸಾಗಿಸಿದೆವು. ಬಿಸಿಯೂಟದ ಅಕ್ಕಂದಿರು ಅನ್ನ, ಸಾರು ಮಾಡುತ್ತಿದ್ದರು. ಆದರೆ ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಎರಡು ಹೊತ್ತೂ ಅನ್ನ ಹಾಕಿದರೆ ಹೊಟ್ಟೆ ತುಂಬಿದಂತೆ ಅನಿಸುತ್ತದಾ? ಊರಿನ ಮನೆಗಳಿಂದ ರೊಟ್ಟಿ, ಶೇಂಗಾ ಚಟ್ನಿ ತರಿಸಲು ತಹಸೀಲ್ದಾರರನ್ನು ಕೇಳಿದೆ. ಗೇಟಿನ ಹೊರಗೆ ಒಂದು ಬೆಂಚು ಹಾಕಿ, ತಂದವರು ಇಟ್ಟು ಹೋಗಬೇಕು, ಅವರು ದೂರ ಹೋದ ಮೇಲೆ ಒಳಗಿನವರು ತಗೊಳ್ಳಬೇಕು ಅಂತ ಪದ್ಧತಿ ಮಾಡಿದೆವು. ರಂಜಾನ್ ಉಪವಾಸ ಇದ್ದವರಿಗೆ ನಸುಕಿನ ಊಟ ರಾತ್ರಿಯೇ ಮುಟ್ಟಿಸಿ ಇಡುತ್ತಿದ್ದೆವು.

ಶಾಲೆ ತುಂಬಿದಾಗ ಮದುವೆ ನಡೆಯುವ ಮಂಗಲ ಕಾರ್ಯಾಲಯ ಬೇಕಾಯಿತು. ಮಾಲೀಕರು ಒಳ್ಳೆಯವರೇ, ಆದರೆ ಪಕ್ಕಾ ವ್ಯವಹಾರಸ್ಥರು. "ಬಾಯಿಮಾತು ಬ್ಯಾಡ್ರಿ ತಲಾಟಿಯವರ, ಕಾಗದ ತರ್ರಿ" ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಖಾಸಗಿ ಜಾಗ, ವಾಹನ ವಶಕ್ಕೆ ತಗೊಳ್ಳುವ ಅಧಿಕಾರ ವಿಪತ್ತು ಕಾಯ್ದೆಯ 65ನೇ ಸೆಕ್ಷನ್‌ನಲ್ಲಿ ಇದೆ, ಆದರೆ ಅದು ಜಿಲ್ಲಾ ಪ್ರಾಧಿಕಾರದ್ದು, ಇಲ್ಲವೇ ಅದು ಅಧಿಕಾರ ಕೊಟ್ಟವರದ್ದು. ನನ್ನದಲ್ಲ, ತಹಸೀಲ್ದಾರರದ್ದೂ ಅಲ್ಲ. 66ನೇ ಸೆಕ್ಷನ್ ಪ್ರಕಾರ ಪರಿಹಾರವನ್ನೂ ಕೊಡಬೇಕು. ಡಿಸಿ ಸಹಿಯ ಆದೇಶ ತರಿಸಿ, ಒಳಗಿದ್ದ ಕುರ್ಚಿ, ಪಾತ್ರೆ, ಫ್ಯಾನ್ ಎಲ್ಲದರ ಪಂಚನಾಮೆ ಮಾಡಿ, ಇಬ್ಬರೂ ಸಹಿ ಹಾಕಿದ ಮೇಲೆಯೇ ಬಾಗಿಲು ತೆಗೆಸಿದೆ. ಅವಸರದ ಕಾಲ ಅಂತ ಪಂಚನಾಮೆ ಬಿಟ್ಟಿದ್ದರೆ ಆಮೇಲೆ ಒಂದು ಫ್ಯಾನಿನ ರೆಕ್ಕೆಗೂ ಪಂಚಾಯಿತಿ ಸೇರಿಸಬೇಕಾಗುತ್ತಿತ್ತು.

ಕೇಸ್ ಹಾಕುವ ವಿಷಯ. ಒಬ್ಬ ಹುಡುಗ ಕಂಪೌಂಡ್ ಹಾರಿ ಮನೆಗೆ ಹೋಗಿ ಬಂದ. ಹೋದದ್ದು ಬಾಣಂತಿ ಹೆಂಡತಿಯನ್ನು ನೋಡಲು. ಊರಿನ ನಾಲ್ಕು ಮಂದಿ ಸರ್ಕಾರಿ ಆದೇಶ ಮೀರಿದ್ದಕ್ಕೆ 188ನೇ ಸೆಕ್ಷನ್ ಹಾಕಿ ಒಳಗೆ ಕಳಿಸಿ ಅಂತ ನನ್ನ ಬೆನ್ನು ಹತ್ತಿದರು. ಆಗಿನ ದಂಡ ಸಂಹಿತೆಯ 188ಕ್ಕೆ ಜೀವಕ್ಕೆ ಅಪಾಯ ತಂದರೆ ಹೆಚ್ಚೆಂದರೆ 6 ತಿಂಗಳು ಸಜೆ, ಅಥವಾ 1,000 ರೂಪಾಯಿ ದಂಡ, ಇಲ್ಲವೇ ಎರಡೂ. ಅದಕ್ಕೂ ಆದೇಶ ಕೊಟ್ಟ ಅಧಿಕಾರಿ ಅಥವಾ ಅವರ ಮೇಲಿನವರು ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಇದು ಬಹಳ ಜನರಿಗೆ ಗೊತ್ತಿರಲಿಲ್ಲ. ನಾನು ದೂರು ಬರೆಯುವ ಗೋಜಿಗೆ ಹೋಗದೆ ವರದಿ ಮಾತ್ರ ಬರೆದೆ. ಅವನ ಲೆಕ್ಕ ಮೊದಲಿನಿಂದ ಶುರುವಾಯಿತು, ಅವನ ಮನೆಯವರನ್ನೂ ಮನೆಯಲ್ಲೇ ಇರಿಸಿ ಆಶಾ ಕಾರ್ಯಕರ್ತೆ ದಿನಾ ನೋಡಿ ಬಂದರು. ಹಲಗೆಯಲ್ಲಿ ತನ್ನ ತಾರೀಕು ಮುಂದೆ ಹೋದದ್ದು ಅವನಿಗೆ ಸಾಕಷ್ಟು ಶಿಕ್ಷೆ.

ಆದರೆ ಅದೇ ಆಶಾ ಅಕ್ಕನ ಮೇಲೆ ಒಬ್ಬ ಕೈ ಎತ್ತಿಕೊಂಡು ಹೋದಾಗ ನಾನು ಮೆತ್ತಗಾಗಲಿಲ್ಲ. 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಹಳೇ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಆರೋಗ್ಯ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ 3 ತಿಂಗಳಿಂದ 5 ವರ್ಷ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಅದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಸಿ ಹನುಮಪ್ಪನ ಗುಡಿ ಕಟ್ಟೆಗೆ ಅಂಟಿಸಿದೆ, ಡಂಗುರ ಹೊಡೆಸಿದೆ. ಆಮೇಲೆ ಅಂಥದ್ದು ನಮ್ಮಲ್ಲಿ ಆಗಲಿಲ್ಲ.

ಆಗಸ್ಟ್ 24ಕ್ಕೆ ಹೊರರಾಜ್ಯದಿಂದ ಬರುವವರಿಗೆ ನೋಂದಣಿ, ಕೈಗೆ ಸೀಲ್, ಕ್ವಾರಂಟೈನ್ ಎಲ್ಲವನ್ನೂ ಸರ್ಕಾರ ತೆಗೆದುಹಾಕಿತು. ಸ್ಟ್ಯಾಂಪು ತಹಸೀಲ್ ಕಚೇರಿಗೆ ವಾಪಸ್ ಕೊಟ್ಟೆ. ರಿಜಿಸ್ಟರ್ ಕೊಡುವ ಮುಂಚೆ ಪುಟಪುಟವನ್ನೂ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡೆ. ಅದು ಬಹಳ ಸಲ ಉಪಯೋಗಕ್ಕೆ ಬಂತು. ಪುಣೆಗೆ ಮರಳಿದ ಹುಡುಗರು ಫೋನ್ ಮಾಡಿ, ಇಷ್ಟು ದಿನ ಎಲ್ಲಿದ್ದೆ ಅಂತ ಕಂಪನಿಯವರು ಕೇಳುತ್ತಿದ್ದಾರೆ, ಒಂದು ಪತ್ರ ಕೊಡಿ ಅನ್ನುತ್ತಿದ್ದರು. ಬಂದ ದಿನ, ಬಿಟ್ಟ ದಿನ, ಆದೇಶದ ನಂಬರ್ ಹಾಕಿ ಪತ್ರ ತಯಾರು ಮಾಡಿ, ತಹಸೀಲ್ದಾರರ ಸಹಿ ತಗೊಂಡು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆ.