ಬೆರಳ ತುದಿಯಷ್ಟು ಮೀನಿಗೆ ಮರಳಿನ ಹಾಸಿಗೆ

ಹಾಸನದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಮೀಸೆಯುಳ್ಳ ಪುಟ್ಟ ಮೀನುಗಳಾದ ಹನ್ನೆರಡು ಪಿಗ್ಮಿ ಕೋರಿಡೋರಸ್‌ಗಳಿವೆ. ಮೀಸೆ ನೋಡಿದವರು ಹೇಮಾವತಿಯ ಗಿರಲು ಮೀನಿನ ಮರಿಗಳೆಂದೇ ತಿಳಿಯುತ್ತಾರೆ. ಆದರೆ ಇವು ಎಷ್ಟು ಬೆಳೆದರೂ ಎರಡೂವರೆ ಸೆಂಟಿಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತವೆ. ತವರು ಅಮೆಜಾನ್‌ನ ಉಪನದಿಯಾದ, ಬ್ರೆಜಿಲ್‌ನ ಮದೀರಾ ನದಿಯ ಕಣಿವೆ. ವಿಜ್ಞಾನಿಗಳು ಇವಕ್ಕೆ ಹೆಸರಿಟ್ಟದ್ದು 1966ರಲ್ಲಿ.

ಸಾಕುವವರು ಮೊದಲು ಯೋಚಿಸಬೇಕಾದದ್ದು ಮರಳನ್ನು. ಅಂಗಡಿಯಲ್ಲಿ ಕೊಟ್ಟ ಬಣ್ಣದ ಜಲ್ಲಿ ಹಾಸಿ ನಾನು ಮೊದಲ ಆರರಲ್ಲಿ ನಾಲ್ಕನ್ನು ಕಳೆದುಕೊಂಡೆ. ಮೂತಿಯಿಂದ ತಳ ಕೆದಕಿ ತಿನ್ನುವ ಮೀನಿದು. ಚೂಪು ಕಲ್ಲಿಗೆ ಉಜ್ಜಿ ಉಜ್ಜಿ ಮೀಸೆ ಸವೆದು ಗಾಯವಾಗಿತ್ತು. ಆ ಸವೆದ ಮೀಸೆಗಳನ್ನು ಇಂದಿಗೂ ಮರೆತಿಲ್ಲ. ಮನೆ ಕಟ್ಟಲು ತರುವ ಎಂ-ಸ್ಯಾಂಡ್ ಕೂಡ ಬೇಡ, ಅದು ಒಡೆದ ಕಲ್ಲಿನ ಪುಡಿ. ನುಣುಪಾದ ಹೊಳೆಮರಳನ್ನು ರವೆ ಜರಡಿಯಲ್ಲಿ ಜಾಲಿಸಿ, ಬಕೆಟ್ಟಿನ ನೀರು ತಿಳಿಯಾಗುವವರೆಗೆ ತೊಳೆದು, ಎರಡು ಬೆರಳು ದಪ್ಪಕ್ಕೆ ಹರಡಿ. ಮೇಲೆ ಒಣಗಿದ ಬಾದಾಮಿ ಮರದ ಎಲೆ ನಾಲ್ಕು, ಒಂದಿಷ್ಟು ಜಲಸಸ್ಯ.

ನಮ್ಮ ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸು. ಅದಕ್ಕೆ ಅರ್ಧದಷ್ಟು ಮಳೆನೀರು ಬೆರೆಸುತ್ತೇನೆ. ತಾರಸಿ ತೊಳೆದುಕೊಂಡು ಬರುವ ಮೊದಲ ಮಳೆಯದ್ದನ್ನು ಹಿಡಿಯುವುದಿಲ್ಲ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಸ್ಪಂಜ್ ಫಿಲ್ಟರ್ ಸಾಕು, ಆದರೆ ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ದಿನಕ್ಕೆ ಚಿಟಿಕೆ ಆಹಾರ ಹಾಕುತ್ತಾ, ನೀರು ತುಂಬಿದ ಆದರೆ ಮೀನಿಲ್ಲದ ತೊಟ್ಟಿಯಲ್ಲೇ ಫಿಲ್ಟರ್ ಓಡಿಸಿ. ಕೊಳೆತ ಆಹಾರ, ಹೊಲಸಿನಿಂದ ಹುಟ್ಟುವ ವಿಷಗಳಾದ ಅಮೋನಿಯ, ನೈಟ್ರೈಟ್ ಎರಡನ್ನೂ ಆ ಬ್ಯಾಕ್ಟೀರಿಯಾ ತಿಂದು, ಅವು ಸೊನ್ನೆಗೆ ಇಳಿದ ಮೇಲಷ್ಟೇ ಮೀನು ತನ್ನಿ. ಈ ಕಾಯುವಿಕೆಯಲ್ಲಿ ರಿಯಾಯಿತಿ ಇಲ್ಲ.

ಹತ್ತಕ್ಕಿಂತ ಕಡಿಮೆ ತರಬೇಡಿ. ಒಂದೆರಡಿದ್ದರೆ ಎಲೆಯಡಿ ಅಡಗುತ್ತವೆ, ಗುಂಪಿದ್ದರೆ ಇತರ ಕೋರಿಡೋರಸ್‌ಗಳಂತೆ ತಳಕ್ಕೆ ಅಂಟದೆ ನಡುನೀರಿನಲ್ಲಿ ಸಾಲಾಗಿ ತೇಲುತ್ತವೆ. ಆಗಾಗ ಒಂದು ಮೇಲಕ್ಕೆ ಚಿಮ್ಮಿ ಗಾಳಿ ನುಂಗುತ್ತದೆ. ನಮ್ಮ ಅತ್ತೆಯವರು ಮೊದಲ ಸಲ ನೋಡಿ ಮೀನಿಗೆ ಉಸಿರು ಕಟ್ಟಿತೆಂದು ಗಾಬರಿಯಾಗಿದ್ದರು. ಅವು ಕರುಳಿನಿಂದಲೂ ಉಸಿರಾಡುತ್ತವೆ. ಆದರೆ ಎಲ್ಲವೂ ಪದೇ ಪದೇ ಚಿಮ್ಮುತ್ತಿದ್ದರೆ ನೀರು ಕೆಟ್ಟಿದೆಯೆಂದು ತಿಳಿಯಿರಿ. ಹಿಡಿಯುವಾಗ ಬಲೆ ಬೇಡ, ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ, ಲೋಟ ಬಳಸಿ.

ಡಿಸೆಂಬರ್, ಜನವರಿಯ ಚಳಿಗೆ ಹೀಟರನ್ನು 23 ಡಿಗ್ರಿಗೆ ಇಡುತ್ತೇನೆ. ಮುಂಗಾರು ಹಿಡಿದ ಮೇಲೆ ತುಸು ತಣ್ಣಗಿನ ಮಳೆನೀರಿನಿಂದ ತೊಟ್ಟಿಯ ಕಾಲುಭಾಗ ಬದಲಿಸಿದರೆ, ಮರುದಿನ ಬೆಳಿಗ್ಗೆ ಎಲೆಯ ಮೇಲೆ, ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಅಂಟಿರುವುದುಂಟು. ಆ ಎಲೆಯನ್ನು ಅದೇ ನೀರು ತುಂಬಿದ ಡಬ್ಬಿಗೆ ಹಾಕಿ, ಗಾಳಿ ಕೊಳವೆ ಇಳಿಬಿಡಿ. ಮೂರು ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಭೂತಗನ್ನಡಿ ಹತ್ತಿರ ಇಟ್ಟುಕೊಂಡಿರಿ.